ಹೆಸರಿಲ್ಲದ ತಗ್ಗು

ಕಲೀಚಾಳ ಬಾಯಿಗೆ ಹೆದರದವರು ಜಾರ್-ತೆರೆಕ್‌ನಲ್ಲಿ ಇರಲಿಲ್ಲ. ಊರಿನ ನೀರು ಹಂಚುವ ಮುರಾಪ್ ಅವಳು. ಗಂಡ ಸತ್ತ ಮೇಲೆ ಅವನ ಗುದ್ದಲಿಯನ್ನೂ ತೂಬಿನ ಕೀಲಿಯನ್ನೂ ತಾನೇ ಎತ್ತಿಕೊಂಡಳು. ಹೆಂಗಸು ಮುರಾಪ್ ಆಗುವುದುಂಟೇ ಎಂದು ಕೇಳಲು ಬಂದವರಿಗೆ ಆ ಗುದ್ದಲಿಯನ್ನೇ ತೋರಿಸಿ ಕಳಿಸಿದಳು. ಸರದಿ ತಪ್ಪಿಸಿ ನೀರು ಕದ್ದವನನ್ನು ಅವನ ಬಾಗಿಲಿಗೇ ಹೋಗಿ, ಹೆಂಡತಿ ಮಕ್ಕಳ ಎದುರಿಗೇ, ಬೀದಿಯ ಆ ತುದಿಗೆ ಕೇಳುವ ಹಾಗೆ ಬೈಯುತ್ತಿದ್ದಳು. ಊರಿನ ಮುಖ್ಯಸ್ಥನನ್ನು ಕತ್ತೆ ಎಂದಿದ್ದಳು. ಪೊಲೀಸಿನವನನ್ನು ಅದಕ್ಕಿಂತ ಕೆಟ್ಟದ್ದು ಏನೋ ಅಂದಿದ್ದಳು.

ಅಂಥವಳ ಬಾಯಿಂದ ಬಾರದ ಮಾತು ಒಂದೇ ಒಂದು. ಅದು ಅವಳ ಮಾವನ ಹೆಸರು.

ಸೊಸೆಯಾದವಳು ಗಂಡನ ಕಡೆಯ ಹಿರಿಯ ಗಂಡಸರ ಹೆಸರು ಹೇಳುವಂತಿಲ್ಲ. ಹೆಸರು ಮಾತ್ರವಲ್ಲ, ಹೆಸರಿನೊಳಗಿರುವ ಮಾತನ್ನೂ ಬೇರೆ ಕಡೆ ಆಡುವಂತಿಲ್ಲ. ಮಾವನ ಹೆಸರಿನ ಮೊದಲರ್ಧಕ್ಕೆ ಅವರ ಭಾಷೆಯಲ್ಲಿ ಹಾರೈಕೆ ಎಂದು ಅರ್ಥ. ಮದುವೆ ಮನೆಗಳಲ್ಲಿ ನಾಲ್ಕು ಹಾರೈಕೆಯ ಮಾತಾಡು ಎಂದು ನಿಲ್ಲಿಸಿದರೆ ಕಲೀಚಾ ಆ ಪದವನ್ನೇ ಬಿಟ್ಟು, "ಚೆನ್ನಾಗಿ ಬಾಳಿ, ಜಗಳ ಆಡ್ಬೇಡಿ" ಎಂದು ಎರಡೇ ಮಾತಲ್ಲಿ ಮುಗಿಸುತ್ತಿದ್ದಳು. ಮೂವತ್ತೊಂದು ವರ್ಷ ಹಾಗೇ ನಡೆದಿತ್ತು. ಮಾವ ಸತ್ತು ಇಪ್ಪತ್ತು ವರ್ಷವಾಗಿತ್ತು, ಕಟ್ಟಳೆ ಸತ್ತಿರಲಿಲ್ಲ. ಎಂಬತ್ತಮೂರು ವರ್ಷದ ಅತ್ತೆ ಬಾತ್ಮಾ ಕೂಡ ಅರವತ್ತು ವರ್ಷದಿಂದ ತನ್ನ ಗಂಡನ ಹೆಸರು ಹೇಳಿದವಳಲ್ಲ.

ತೊಡಕು ಏನೆಂದರೆ, ಊರಿನ ಕೆಳಗಿನ ನೂರಾ ಹತ್ತು ತೋಟಗಳಿಗೆ ನೀರು ತರುವ ಕಾಲುವೆಗೆ ಆ ಮಾವನ ಹೆಸರೇ ಇತ್ತು. ಸಾಮೂಹಿಕ ಬೇಸಾಯ ಮುರಿದುಬಿದ್ದ ಮರುವರ್ಷ, ಯಾರೂ ಯಾರನ್ನೂ ಕೇಳದ ಕಾಲದಲ್ಲಿ, ಆತ ನಲವತ್ತು ಜನರನ್ನು ಕಟ್ಟಿಕೊಂಡು ಎರಡು ಬೇಸಿಗೆ ತೋಡಿಸಿದ್ದ ಮೂರು ಕಿಲೋಮೀಟರಿನ ಕಾಲುವೆ ಅದು. ಹಳೆಯ ಸರ್ಕಾರಿ ನಕ್ಷೆಯಲ್ಲಿ ಅದು ಇರಲು ಸಾಧ್ಯವಿರಲಿಲ್ಲ. ಗಂಡಸರು ಅದನ್ನು ಆತನ ಹೆಸರಿಂದಲೇ ಕರೆಯುತ್ತಿದ್ದರು. ಅವರ ಮನೆತನಕ್ಕೆ ಬಂದ ಹೆಂಗಸರು ಮಾತ್ರ "ದೊಡ್ಡೋರ ನೀರು" ಅನ್ನುತ್ತಿದ್ದರು.

ಮಾರ್ಚ್ ತಿಂಗಳ ಒಂದು ಶನಿವಾರ ಕಲೀಚಾ ತೂಬಿನ ಕೀಲಿಗೆ ಎಣ್ಣೆ ಕೇಳಲು ಗ್ರಾಮ ಕಚೇರಿಗೆ ಹೋದಳು. ಪಡಸಾಲೆಯ ಬಾಗಿಲ ಹಿಂದೆ, ಜನ ಕೋಟು ತೂಗುಹಾಕುವ ಮೊಳೆಗಳ ಕೆಳಗೆ, ಒಂದು ಬಣ್ಣದ ಹಾಳೆ ಕಂಡಿತು. ಕೋಟುಗಳನ್ನು ಸರಿಸಿ ನೋಡಿದಳು. ಊರಿನ ಹೊಸ ನಕ್ಷೆ. ಅದನ್ನು ಅಲ್ಲಿ ತೂಗುಹಾಕಿ ತಿಂಗಳಾಗಿತ್ತಂತೆ.

ಏಳು ವರ್ಷದ ಹಿಂದೆ ನಾನೂರು ಮನೆಯಿದ್ದ ಊರು ಈಗ ಎರಡು ಸಾವಿರ ದಾಟಿತ್ತು. ರಾಜಧಾನಿ ಬಿಷ್ಕೆಕ್ ಕಡೆಯಿಂದ ಪಟ್ಟಣ ತೆವಳಿಕೊಂಡು ಬರುತ್ತಿತ್ತು, ಮೇಲಿನ ಬೆಟ್ಟದ ಕಡೆಯಿಂದ ಜನ ಇಳಿದು ಬರುತ್ತಿದ್ದರು. ಶಾಲೆ ದಿನಕ್ಕೆ ಮೂರು ಪಾಳಿ ನಡೆಯುತ್ತಿತ್ತು. ಇದಕ್ಕೆಲ್ಲ ಒಂದು ಯೋಜನೆ ಬೇಕು ಎಂದು ಪಟ್ಟಣದ ನಕ್ಷೆ ಕಚೇರಿಯವರು ಬಂದಿದ್ದರು. ಅದು ಸರಿಯೇ. ಆದರೆ ಕಲೀಚಾ ನಕ್ಷೆಯ ಮೇಲೆ ತನ್ನ ಕಾಲುವೆಯನ್ನು ಹುಡುಕಿದರೆ, ಅದು ಇರಬೇಕಾದ ಜಾಗದಲ್ಲಿ ದಪ್ಪ ಹಳದಿ ಗೆರೆಯೊಂದು ಇತ್ತು.

ಮುಖ್ಯಸ್ಥ ಮೆದೆರ್‌ಬೆಕ್‌ನ ಕೋಣೆಗೆ ಅವಳು ಬಾಗಿಲು ತಟ್ಟದೆ ನುಗ್ಗಿದಳು.

"ಏನೋ ಅದು, ಹಳದಿ?"

"ರಸ್ತೆ, ಅಕ್ಕಾ. ಎಂಟು ಮೀಟರ್ ಅಗಲ. ಹೊಸಬರ ಬಡಾವಣೆಗೆ." ಅವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಬೈದರೂ ನಗುವ ಜಾತಿಯವನು. "ಕೂತ್ಕೊಳ್ಳಿ, ಚಹಾ ಕುಡೀರಿ."

"ನಿನ್ನ ಚಹಾಕ್ಕೆ ಬೆಂಕಿ ಬೀಳ. ಅದು ನೀರು ಕಣೋ! ನಿಮ್ಮಪ್ಪ ಅದೇ ನೀರಲ್ಲಿ ಬೆಳೆದ ಆಲೂಗಡ್ಡೆ ತಿಂದು ನಿನ್ನ ಓದ್ಸಿದ್ದು! ಅದರ ಮೇಲೆ ರಸ್ತೆ ಎಳೆಯೋಕೆ ಯಾರನ್ನ ಕೇಳ್ದೆ?"

"ನಿಮ್ಮನ್ನೇ." ಮೆದೆರ್‌ಬೆಕ್ ಕಪಾಟಿನಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟ. "ಜನವರೀಲಿ ಮನೆ ಮನೆಗೂ ಬಂದಿದ್ರಲ್ಲ. ನೋಡಿ, ಇದು ನಿಮ್ಮ ಸಹಿ ಅಲ್ವಾ?"

ಸಹಿ ಅವಳದೇ. ಒಂಬತ್ತನೆಯ ಪ್ರಶ್ನೆ: ನಿಮ್ಮ ಮನೆಯ ಬಳಿ ಹರಿಯುವ ಕಾಲುವೆಯ ಹೆಸರೇನು? ಉತ್ತರದ ಜಾಗದಲ್ಲಿ ಒಂದು ಅಡ್ಡಗೆರೆ.

ಅವಳಿಗೆ ಆ ದಿನ ನೆನಪಾಯಿತು. ಮೊಣಕಾಲುದ್ದ ಹಿಮ. ಚಳಿಗೆ ಮೂಗು ಕೆಂಪಾದ ಒಬ್ಬ ಪಟ್ಟಣದ ಹುಡುಗಿ ಬಾಗಿಲಲ್ಲಿ ನಿಂತು ಹೆಸರು ಕೇಳಿದ್ದಳು. "ಅದನ್ನ ನಾನು ಹೇಳೋ ಹಾಗಿಲ್ಲಮ್ಮ, ಪಕ್ಕದ ಮನೇಲಿ ಕೇಳು" ಎಂದು ಕಲೀಚಾ ಕಳಿಸಿದ್ದಳು. ಪಕ್ಕದ ಮನೆಯವಳೂ ಅದೇ ಮನೆತನದ ಸೊಸೆ. ಅವಳು ಅದರಾಚೆಯ ಮನೆ ತೋರಿಸಿದ್ದಳು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದ ಹಗಲು ಹೊತ್ತು. ಆ ಸಾಲಿನಲ್ಲಿ ಹದಿನೇಳು ಮನೆ, ಹದಿನೇಳು ಸೊಸೆಯರು, ಹದಿನೇಳು ಅಡ್ಡಗೆರೆ. ಚಳಿಗಾಲಕ್ಕೆಂದು ನೀರು ನಿಲ್ಲಿಸಿ ಒಣಗಿದ್ದ ಕಾಲುವೆಯ ತಳದಲ್ಲಿ ಎರಡು ಕಾರು ಬೇರೆ ನಿಂತಿದ್ದವು. ಹುಡುಗಿ ತನ್ನ ಕಾಗದದಲ್ಲಿ "ಹೆಸರಿಲ್ಲದ ತಗ್ಗು" ಎಂದು ಬರೆದುಕೊಂಡು ಹೋಗಿದ್ದಳು. ಹೆಸರಿದ್ದ ಕಾಲುವೆಗೆ ಎರಡೂ ದಂಡೆಯಲ್ಲಿ ಹತ್ತು ಹತ್ತು ಮೀಟರ್ ಮುಟ್ಟುವಂತಿಲ್ಲ ಎಂದು ನಿಯಮ. ತಗ್ಗಿಗೆ ಯಾವ ನಿಯಮವೂ ಇಲ್ಲ. ಮುಚ್ಚಿ ರಸ್ತೆ ಮಾಡಬಹುದು.

ಜನರನ್ನು ಕೇಳಿದ್ದೇವೆ ಎಂದು ಅವರು ಹೇಳಿದ್ದು ಸುಳ್ಳಲ್ಲ. ಕೇಳಿದ್ದರು. ಕಲೀಚಾಳಿಗೆ ತನ್ನ ಮೇಲೇ ಸಿಟ್ಟು ಬಂತು. ಅದನ್ನು ಮೆದೆರ್‌ಬೆಕ್‌ನ ಮೇಲೆ ಹಾಕಿದಳು.

"ನಿಂಗೆ ಗೊತ್ತಿರ್ಲಿಲ್ವಾ? ನೀನು ಈ ಊರಲ್ಲಿ ಹುಟ್ಟಿಲ್ವಾ? ತಿದ್ಸೋಕೆ ಏನಾಗಿತ್ತು ರೋಗ?"

"ನಾನು ಸಭೆ ನಡೆಸೋನು. ನಾನು ಒಂದು ಕಡೆ ಸೇರಂಗಿಲ್ಲ. ನಿವಾಸಿಗಳು ಹೇಳ್ಬೇಕು."

"ಸರಿ, ಈಗ ಬರ್ಕೊಡ್ತೀನಿ."

"ಬರೆದು ಕೊಡೋ ಗಡುವು ನಿನ್ನೆಗೇ ಮುಗೀತು. ಸೋಮವಾರ ಸಾರ್ವಜನಿಕ ಸಭೆ ಇದೆ, ಅಲ್ಲಿ ಬಾಯಲ್ಲಿ ಹೇಳಿ. ಕಾಲುವೆ ಹೆಸರು, ತೋಡಿದವರ್ಯಾರು, ಯಾವ ವರ್ಷ. ಅಷ್ಟು ಹೇಳಿ, ಇನ್ನೊಬ್ರು ಹೌದು ಅಂದ್ರೆ ಅಲ್ಲೇ ತಿದ್ತಾರೆ." ಮೆದೆರ್‌ಬೆಕ್ ಮತ್ತೆ ನಕ್ಕ. "ನಿಮಗೇನು, ಬಾಯಿಗೆ ಬರಗಾಲನಾ?"

ಅವನ ಹೆಂಡತಿಯೂ ಸೊಸೆಯೇ. ತಾನು ಏನು ಹೇಳುತ್ತಿದ್ದೇನೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಅವಳು ಇಸಾಕನ ಮನೆಗೆ ಹೋದಳು. ಇಸಾಕ ಅವಳ ಗಂಡನ ದೊಡ್ಡಪ್ಪನ ಮಗ, ಅರವತ್ತೈದರ ಮೇಲಿನವನು, ಈಗ ಆ ಮನೆತನಕ್ಕೆ ಹಿರಿಯ. ಅವನ ಹೆಸರನ್ನೂ ಅವಳು ಹೇಳುವಂತಿರಲಿಲ್ಲ, "ಗಡ್ಡದ ಭಾವ" ಅನ್ನುತ್ತಿದ್ದಳು. ಅವನು ಕೊಟ್ಟಿಗೆಯಲ್ಲಿ ಕುದುರೆಗೆ ಹುಲ್ಲು ಹಾಕುತ್ತಿದ್ದ. ಒಳಗೆ ಬಾ ಎನ್ನಲಿಲ್ಲ.

"ಗಡ್ಡದ ಭಾವ, ನಾಳೆ ನೀವು ಎದ್ದು ನಿಂತು ಒಂದು ಮಾತು ಹೇಳಿದ್ರೆ ಸಾಕು."

"ಹೇಳಿದ್ರೆ ರಸ್ತೆ ಎಲ್ಲಿಗೆ ಹೋಗತ್ತೆ?"

"ಕರೆಂಟ್ ಕಂಬದ ಸಾಲಿನ ಕೆಳಗೆ. ಅಗಲವಾಗಿದೆ, ನೆಟ್ಟಗಿದೆ."

"ಅದು ಯಾರ ಹೊಲ?"

ಹೊಲ ಅವನದೇ. ಅದನ್ನು ನಿವೇಶನ ಮಾಡಿ ಹಂಚಲು ಅವನು ಗೂಟ ಕೂಡ ತರಿಸಿಟ್ಟಿದ್ದ. ಮನೆತನದ ಉಳಿದ ಮುದುಕರಿಗೂ ಆ ಹೊಲದಲ್ಲಿ ಒಂದೊಂದು ತುಂಡು ಸಿಗುವುದಿತ್ತು.

"ನನ್ನ ಹೊಲ ಸೀಳಿಸ್ಕೊಂಡು ನಿನ್ನ ಟೊಮೇಟೊ ಉಳಿಸ್ಬೇಕಾ?" ಎಂದ ಇಸಾಕ.

"ನನ್ನ ಟೊಮೇಟೊ ಅಲ್ಲ. ನಿಮ್ಮ ಚಿಕ್ಕಪ್ಪ ತೋಡಿದ್ದು ಅದು."

"ತೋಡಿದ, ಹೋದ. ಈಗ ಎಲ್ರ ಮನೇಲೂ ಪಂಪಿದೆ."

"ಜುಲೈನಲ್ಲಿ ನಿಮ್ಮ ಪಂಪು ಗಾಳಿ ಕುಡಿಯತ್ತೆ. ಆಗ ನನ್ನ ಹತ್ರಾನೇ ಬಿಂದಿಗೆ ಕಳಿಸ್ತೀರಿ. ನಾಚಿಕೆ ಆಗಲ್ವಾ?"

"ಅಷ್ಟು ಬೇಕಿದ್ರೆ ನೀನೇ ಹೇಳು." ಇಸಾಕ ಹುಲ್ಲಿನ ಕವೆಗೋಲನ್ನು ಗೋಡೆಗೆ ಒರಗಿಸಿ ಮೊದಲ ಸಲ ಅವಳ ಮುಖ ನೋಡಿದ. "ಹೇಳಿದ ದಿನ ನೀನು ಈ ಮನೆತನದ ಸೊಸೆ ಅಲ್ಲ. ನಿನ್ನ ಹೆಣಕ್ಕೂ ನಮ್ಮವರು ಬರಲ್ಲ."

"ಬರ್ಬೇಡಿ. ನಾಲ್ಕು ಜನ ಹೊಸಬರನ್ನ ಕರೀತೀನಿ. ಅವರು ಗುಂಡಿನಾದ್ರೂ ನೆಟ್ಟಗೆ ತೋಡ್ತಾರೆ."

ಹೀಗೆ ಅಂದು ಬಂದಳೇ ಹೊರತು, ದಾರಿಯಲ್ಲಿ ತನ್ನ ಮನೆಯ ಬಾಗಿಲನ್ನೇ ದಾಟಿ ಹೋಗಿ ಮತ್ತೆ ತಿರುಗಿ ಬರಬೇಕಾಯಿತು.

ಸಭೆ ಶಾಲೆಯ ಆಟದ ಕೋಣೆಯಲ್ಲಿ. ಹಳಬರು ಬೇಗ ಬಂದು ಬೆಂಚುಗಳ ಮೇಲೆ ಕೂತಿದ್ದರು. ಹೊಸಬರಿಗೆ ಬೆಂಚು ಉಳಿದಿರಲಿಲ್ಲ, ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಬಾತ್ಮಾ ಮೊದಲ ಸಾಲಿನಲ್ಲಿ, ಬಿಳಿ ರುಮಾಲು ಸುತ್ತಿ, ಕೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ಕಾಲುವೆ ಸಾಲಿನ ಸೊಸೆಯರು ಎಲ್ಲಕ್ಕಿಂತ ಹಿಂದೆ ಇದ್ದರು. ನಕ್ಷೆಯನ್ನು ಗೋಡೆಯ ಮೇಲೆ ಬೆಳಕಿನಲ್ಲಿ ಬಿಟ್ಟಿದ್ದರು. ಮೇಜಿನ ಹಿಂದೆ ಮೆದೆರ್‌ಬೆಕ್, ಅವನ ಪಕ್ಕ ಜನವರಿಯ ಆ ಕೆಂಪು ಮೂಗಿನ ಹುಡುಗಿ. ಹೆಸರು ಐಜಾದಾ. ಅವಳ ಮುಂದೆ ಲ್ಯಾಪ್‌ಟಾಪು, ಮಾತು ಹಿಡಿಯುವ ಯಂತ್ರ.

ಮೊದಲು ಗೋಡೆಯ ಕಡೆಯಿಂದ ಸೊವೆತ್‌ಬೆಕ್ ಮಾತಾಡಿದ. ನರೀನ್ ಬೆಟ್ಟದ ಕಡೆಯಿಂದ ಬಂದ ಬೆಸುಗೆ ಕೆಲಸದವನು, ಎಮ್ಮೆಯಂಥ ಕತ್ತು.

"ಮೂರು ವರ್ಷದಿಂದ ಕೆಸರು ತುಳೀತಿದೀವಿ. ಆಂಬುಲೆನ್ಸು ಮೂಲೆಗೆ ಬಂದು ವಾಪಸ್ ಹೋಯ್ತು, ನನ್ನ ಹೆಂಡ್ತಿ ಕಾರಲ್ಲೇ ಹೆತ್ಲು. ನಮಗೆ ರಸ್ತೆ ಬೇಕು. ನಕ್ಷೇಲಿ ಇದೆ. ಸಾಕು, ಮುಗಿಸಿ."

"ಬರೋಕೆ ಮುಂಚೆ ಕಾಣಿಸ್ಲಿಲ್ವಾ ಕೆಸರು?" ಬೆಂಚಿನಿಂದ ಯಾರೋ ಕೂಗಿದರು.

"ಕಾಣಿಸ್ತು. ನಿವೇಶನ ಮಾರಿದ ನಿಮ್ಮವರೇ ರಸ್ತೆ ಬರತ್ತೆ ಅಂದ್ರು!"

ಗಲಾಟೆ ಎದ್ದಿತು. ಕಲೀಚಾ ಎದ್ದಳು. ಅವಳು ಎದ್ದರೆ ಗಲಾಟೆ ತಾನಾಗಿ ತಗ್ಗುತ್ತಿತ್ತು.

"ಬಾಯ್ಮುಚ್ಚಿ ಎಲ್ರೂ. ಲೇ ಬೆಸುಗೆ, ರಸ್ತೆ ನಿಂಗೆ ಬೇಕು, ಸರಿ. ಆದ್ರೆ ಅದು ತಗ್ಗಲ್ಲ, ಕಾಲುವೆ. ನೀನು ಬೇಸಿಗೇಲಿ ನಿನ್ನ ಎರಡು ಹಸುಗೆ ನೀರು ಮೊಗೆಯೋದು ಅದರಿಂದ್ಲೇ. ಕದ್ದು ಮೊಗೀತೀಯ, ನಾನು ನೋಡಿದೀನಿ."

"ಮೊಗೀಬೇಡ ಅಂತ ಬೈದ್ರಿ. ಹೆಂಗೆ ಬೇಕಾದ್ರೆ ಹಂಗೆ ಬೈದ್ರಿ. ಎಲ್ಲಿಂದ ಬರತ್ತೆ, ಯಾರು ತೋಡಿದ್ದು ಅಂತ ಒಂದಿನ ಹೇಳಿದ್ರಾ?"

ಐಜಾದಾ ತಲೆಯೆತ್ತಿದಳು. ದಣಿದ ದನಿ. "ಅಮ್ಮಾ, ಅದು ಕಾಲುವೆ ಅಂತಾದ್ರೆ ನಾನು ಈಗ್ಲೇ ತಿದ್ತೀನಿ, ರಸ್ತೇನ ಕಂಬದ ಸಾಲಿಗೆ ಹಾಕ್ತೀನಿ. ನನಗೇನೂ ಹಟ ಇಲ್ಲ. ಹೆಸರು ಹೇಳಿ."

ಕಲೀಚಾ ಬೆಂಚುಗಳ ಕಡೆ ತಿರುಗಿದಳು. ಅಲ್ಲಿ ಕೂತ ಮುದುಕರಲ್ಲಿ ಎಂಟು ಹತ್ತು ಜನ ಆ ಕಾಲುವೆಗೆ ಗುದ್ದಲಿ ಹಾಕಿದವರು. ಒಬ್ಬೊಬ್ಬರ ಮುಖವನ್ನೂ ಹಿಡಿದು ನೋಡಿದಳು. ಒಬ್ಬ ಟೋಪಿ ಸರಿಮಾಡಿಕೊಂಡ. ಒಬ್ಬ ಕೆಮ್ಮಿದ. ಇಸಾಕ ಗಡ್ಡ ನೀವಿಕೊಳ್ಳುತ್ತ ಚಾವಣಿ ನೋಡುತ್ತಿದ್ದ.

"ನಿಮ್ಮಲ್ಲಿ ಒಬ್ಬನೂ ಗಂಡಸಿಲ್ವಾ?" ಎಂದಳು.



"ಹೆಸರು ಬರ್ತಿಲ್ಲ, ಬರ್ಕೊಳ್ಳಿ: ಹೆಸರಿಲ್ಲ," ಎಂದ ಮೆದೆರ್‌ಬೆಕ್.

"ನೋಡ್ರಪ್ಪ, ಕಲೀಚಾ ಬಾಯಿಗೂ ಬೀಗ ಬಿತ್ತು!" ಬೆಂಚಿನಿಂದ ಮಾತು ಬಂತು, ನಗು ಹರಡಿತು. ಕೊನೆಗೆ ಗೋಡೆಯ ಕಡೆಯವರೂ ನಕ್ಕರು, ಏಕೆ ಎಂದು ಗೊತ್ತಿಲ್ಲದೆ.

ಹಿಂದೆ ಕೂತ ಸೊಸೆಯರು ನೆಲ ನೋಡುತ್ತಿದ್ದರು. ಮೂವತ್ತೊಂದು ವರ್ಷ ಕಲೀಚಾ ಆ ಹೆಸರನ್ನು ಮನಸ್ಸಿನಲ್ಲಿ ಕೂಡ ಅಂದುಕೊಂಡಿರಲಿಲ್ಲ. ಮದುವೆಯಾಗಿ ಬಂದ ಮೊದಲ ದಿನ ಮಾವ ಅವಳ ಹಣೆಗೆ ಮುತ್ತಿಟ್ಟು, "ಈ ಹುಡುಗಿ ಜೋರು, ನಮ್ಮ ನೀರನ್ನ ಚೆನ್ನಾಗಿ ಕಾಯ್ತಾಳೆ" ಎಂದು ನಕ್ಕಿದ್ದ. ಅತ್ತೆಯ ಬಿಳಿ ರುಮಾಲು ಅವಳಿಂದ ಎರಡು ಮಾರು ದೂರದಲ್ಲಿತ್ತು. ಅತ್ತ ನೋಡಿದರೆ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನೋಡಲಿಲ್ಲ.

"ತಿಲೆಕ್‌ಮಾತ್," ಎಂದಳು.

ಯಾರೋ ಮುದುಕಿ ಅಯ್ಯೋ ಎಂದು ಬಾಯಿಗೆ ರುಮಾಲಿನ ತುದಿ ಇಟ್ಟುಕೊಂಡಳು. ನಗು ಎಲ್ಲಿತ್ತೋ ಅಲ್ಲೇ ನಿಂತಿತು.

"ತಿಲೆಕ್‌ಮಾತ್ ಕಾಲುವೆ. ತೋಡಿದ್ದು ನನ್ನ ಮಾವ. ತೊಂಬತ್ಮೂರು, ತೊಂಬತ್ನಾಲ್ಕನೇ ಇಸವಿ. ನಲವತ್ತು ಜನ, ಮೂರು ಕಿಲೋಮೀಟರು. ಬರ್ಕೊ. ಸರಿಯಾಗಿ ಬರ್ಕೊ ಮತ್ತೆ."

ಇಸಾಕ ಬೆಂಚಿನಿಂದ ಜಿಗಿದೆದ್ದ. ಮುಖ ಕೆಂಪಾಗಿತ್ತು. "ನಾಚಿಕೆಗೆಟ್ಟೋಳೆ! ಊರ ಮುಂದೆ, ಗಂಡಸರ ಮುಂದೆ ಮಾವನ ಹೆಸರು ಹರಾಜು ಹಾಕ್ತೀಯಾ? ನಿನ್ನ ನಾಲಿಗೆ ಸೀದು ಹೋಗ!"

"ನೀವು ಹೇಳಿದ್ರೆ ನಾನು ಯಾಕೆ ಹೇಳ್ತಿದ್ದೆ?"

ಐಜಾದಾ ಬೆರಳುಗಳನ್ನು ಓಡಿಸುತ್ತಲೇ ಇದ್ದಳು. ಇದೇನು ಗಲಾಟೆ ಎನ್ನುವುದು ಅವಳಿಗೆ ಅರ್ಥವಾಗಿರಲಿಲ್ಲ. ರಷ್ಯನ್ ಮಾತಾಡುವ ಮನೆಯಲ್ಲಿ ಬೆಳೆದವಳು. "ಇನ್ನೊಬ್ರು ಹೌದು ಅನ್ಬೇಕು," ಎಂದು ತಲೆಯೆತ್ತಿ, ಎದ್ದು ನಿಂತಿದ್ದ ಇಸಾಕನನ್ನೇ ನೋಡಿದಳು. "ಅಜ್ಜಾ, ನೀವು ಎದ್ದಿದೀರಲ್ಲ. ತಿಲೆಕ್‌ಮಾತ್ ಅನ್ನೋರು ನಿಮಗೆ ಗೊತ್ತಾ?"

ಇಸಾಕ ಬಾಗಿಲ ಕಡೆ ನೋಡಿದ.

ಯಾರೂ ಹೆಸರೆತ್ತದೆ ಇರುವವರೆಗೆ ಸುಮ್ಮನೆ ಕೂರುವುದು ಸುಲಭವಿತ್ತು. ಈಗ ಹೆಸರು ಕೋಣೆಯ ನಡುವೆ ಬಂದು ನಿಂತಿತ್ತು. ಗೊತ್ತಿಲ್ಲ ಎಂದರೆ ತಂದೆಯ ತಮ್ಮನನ್ನು, ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನನ್ನು, ಇಷ್ಟು ಜನರೆದುರು ಇಲ್ಲವೆಂದ ಹಾಗೆ. ಸೊವೆತ್‌ಬೆಕ್‌ಗೆ ಇದು ಅರ್ಥವಾಯಿತು. ಅವನು ಬಿಡುವವನಲ್ಲ.

"ಹೇಳಿ ಅಕ್ಸಾಕಾಲ್, ಮನೆತನಕ್ಕೆ ಹಿರಿಯರು ನೀವು, ಗೊತ್ತಿಲ್ವಾ? ನಮ್ಮ ಬೆಟ್ಟದ ಕಡೆ ಐದು ವರ್ಷದ ಮಕ್ಳೂ ಏಳು ತಲೆಮಾರಿನ ಹೆಸರು ಒಪ್ಪಿಸ್ತಾವೆ. ಇಲ್ಲಿ ಹೊಲದ ಗಡಿ ಮಾತ್ರ ನೆನಪಿರತ್ತೋ ಏನೋ?"

"ನಿನ್ನನ್ನ ಯಾರು ಕೇಳಿದ್ರು ಹೋಗೋ, ಕುರಿ ಕಾಯೋನೆ!" ಎಂದು ಅವನಿಗೆ ಕೂಗಿ ಇಸಾಕ ಹುಡುಗಿಯ ಕಡೆ ತಿರುಗಿದ. "ನನ್ನ ಚಿಕ್ಕಪ್ಪ."

"ಕಾಲುವೆ ಅವರು ತೋಡಿದ್ದಾ?"

ಇಸಾಕ ತನ್ನ ಅಂಗೈ ನೋಡಿಕೊಂಡ. ಯಂತ್ರದ ಕೆಂಪು ದೀಪ ಉರಿಯುತ್ತಿತ್ತು.

"ತೋಡಿದ್ದ," ಎಂದ. "ನನ್ನ ಕೈಲೂ ತೋಡಿಸಿದ್ದ. ಅಂಗೈ ಸುಲಿದು ಹೋಗಿತ್ತು." ಕೂರಲಿಲ್ಲ. ಟೋಪಿ ತಲೆಗೆ ಒತ್ತಿಕೊಂಡು ಜನರನ್ನು ತಳ್ಳುತ್ತ ಹೊರಗೆ ನಡೆದ. ಅವನು ಹೋದ ಮೇಲೆ ಬೆಂಚಿನ ಮುದುಕರು ಒಬ್ಬೊಬ್ಬರಾಗಿ, ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಮುಖ ಮಾಡಿಕೊಂಡು, ಹೌದು ಎಂದರು. ಮೆದೆರ್‌ಬೆಕ್‌ನ ನಗು ಆ ಹೊತ್ತಿಗೆ ಎಲ್ಲಿಗೆ ಹೋಗಿತ್ತೋ.

ಗೋಡೆಯ ಮೇಲೆ ಹಳದಿ ಗೆರೆ ಸರಿದು ಕಂಬದ ಸಾಲಿಗೆ ಹೋಯಿತು. ಅದಿದ್ದ ಕಡೆ ಸಣ್ಣ ನೀಲಿ ಗೆರೆ ಬಂತು, ಮೇಲೆ ಹೆಸರು. ಎರಡು ಕಡೆಯೂ ಹಸಿರು ಪಟ್ಟಿ, ಹತ್ತು ಹತ್ತು ಮೀಟರು. ಕಲೀಚಾ ಮೇಜಿನ ಹತ್ತಿರ ಹೋಗಿ, ಅಚ್ಚಾಗಿ ಬಂದ ಹಾಳೆಗೆ ಮೊಹರು ಬೀಳುವ ತನಕ ಕದಲಲಿಲ್ಲ.

"ಈ ಹಸಿರು ಏನು?" ಸೊವೆತ್‌ಬೆಕ್ ಹಿಂದಿನಿಂದ ಬಗ್ಗಿ ನೋಡಿದ.

"ಅದರೊಳಗೆ ಏನೂ ಕಟ್ಟಂಗಿಲ್ಲ," ಎಂದಳು ಕಲೀಚಾ. "ನಿನ್ನ ಕಕ್ಕಸು ದಂಡೆಯಿಂದ ಆರು ಮೀಟರಿಗಿದೆ. ಕೀಳು."

"ನಿಮ್ಮ ಪರವಾಗಿ ಮಾತಾಡಿದೆ ಅಂತನಾದ್ರೂ ನೆನಪಿಲ್ವಾ?"

"ನೀನು ಅವರ ಮೇಲಿನ ಹಗೆಗೆ ಮಾತಾಡಿದ್ದು. ವಾರ ಟೈಮ್ ಕೊಡ್ತೀನಿ."

ಅವಳು ಹೊರಗೆ ಬಂದಾಗ ಬಾತ್ಮಾ ಮೆಟ್ಟಿಲ ಕೆಳಗೆ ಒಬ್ಬಳೇ ನಿಂತಿದ್ದಳು. ಸೊಸೆಯರು ದೂರ ಹೋಗಿ ಗುಂಪಾಗಿ ನಿಂತಿದ್ದರು, ಯಾರೂ ಹತ್ತಿರ ಬರಲಿಲ್ಲ. ಕಲೀಚಾ ತೋಳು ಹಿಡಿಯಲು ಕೈ ಚಾಚಿದಳು. ಮುದುಕಿ ಕೋಲಿನಿಂದ ಆ ಕೈಗೆ ಬಾರಿಸಿದಳು. ಮೆಲ್ಲಗಲ್ಲ.

"ಅರವತ್ತು ವರ್ಷ," ಎಂದಳು. "ಅವರು ಸತ್ತ ದಿನ, ಹೆಸರು ಹಿಡಿದು ಅಳ್ಬೇಕು ಅನ್ನಿಸ್ತು. ಅಳ್ಲಿಲ್ಲ. ನಾನು ಕೂಡ ಅನ್ನದೆ ಇದ್ದ ಹೆಸರನ್ನ ನೀನು ಬೀದಿಗೆ ಚೆಲ್ಲಿದೆ."

"ಅತ್ತೆ, ಕಾಲುವೆ ಉಳೀತು."

"ಉಳೀತು. ನನಗೆ ಕಣ್ಣಿಲ್ವಾ? ಉಳೀಲಿ. ನಿನ್ನ ಕೈಯಿಂದ ಇನ್ನು ಚಹಾ ಕುಡಿಯಲ್ಲ ನಾನು."

"ಕುಡೀಬೇಡಿ," ಎಂದಳು ಕಲೀಚಾ. ಅವಳಿಗೆ ಬೇರೆ ಥರ ಮಾತಾಡಲು ಬರುತ್ತಿರಲಿಲ್ಲ.

ಮುದುಕಿ ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಹಾಗೇ ಮನೆ ಸೇರಿದರು. ಬಾತ್ಮಾ ಕುಂಟುತ್ತ ತಾನೇ ಚಹಾ ಕಾಯಿಸುವ ಸಮೋವಾರಕ್ಕೆ ಕೆಂಡ ಹಾಕಿ, ಬಟ್ಟಲು ಒಂದನ್ನೇ ಇಳಿಸಿ, ಹಾಲು ಹುಯ್ದುಕೊಂಡು ಗೋಡೆಯ ಕಡೆ ತಿರುಗಿ ಕುಡಿದಳು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ.

ಏಪ್ರಿಲ್ ಹತ್ತಕ್ಕೆ ನೀರು ಬಿಡಬೇಕಿತ್ತು, ಮೂರು ಕಿಲೋಮೀಟರ್ ಹೂಳು ಹಾಗೇ ಇತ್ತು. ಊರು ಸೇರಿ ಎತ್ತುವ ಪದ್ಧತಿ, ಈ ವರ್ಷ ಇಸಾಕನ ಕಡೆಯವರು ಯಾರೂ ಬರಲಿಲ್ಲ. ಕಲೀಚಾ ಗುರುವಾರ ಬೆಳಿಗ್ಗೆ ಒಬ್ಬಳೇ ಕಾಲುವೆಗಿಳಿದು ಹೂಳು ಎತ್ತಿ ದಂಡೆಗೆ ಎಸೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಸದ್ದು ಕೇಳಿಸಿತು. ಸೊವೆತ್‌ಬೆಕ್ ಕಕ್ಕಸಿನ ಹಲಗೆಗಳನ್ನು ಒಂದೊಂದಾಗಿ ಕೀಳುತ್ತ, ಪ್ರತಿ ಹಲಗೆಗೂ ಒಂದೊಂದು ಬೈಗುಳ ಸೇರಿಸಿ, ಅವಳಿಗೆ ಚೆನ್ನಾಗಿ ಕೇಳಿಸುವ ಹಾಗೆ ಕೆಳಕ್ಕೆ ಎಸೆಯುತ್ತಿದ್ದ. ಹಲಗೆಯೊಂದು ಬಂದು ಅವಳು ಆಗಷ್ಟೇ ಬರಿದುಮಾಡಿದ ಜಾಗಕ್ಕೆ ಬಿತ್ತು.

ಕಲೀಚಾ ಅದನ್ನೆತ್ತಿ ಅವನತ್ತಲೇ ಎಸೆದಳು.

"ಇದು ತಿಲೆಕ್‌ಮಾತ್ ಕಾಲುವೆ ಕಣೋ, ನಿಮ್ಮಪ್ಪನ ತಿಪ್ಪೆ ಅಲ್ಲ!"